ಸಣ್ಣಬೀರಯ್ಯನವರು ಎಣ್ಣೆ ಆರಿಸಿದ್ದು

ಸಣ್ಣಬೀರಯ್ಯನವರು ಮೂವತ್ತೊಂದು ವರ್ಷ ಹೊಗೆಸೊಪ್ಪು ಮುಟ್ಟಿ ನೋಡುವ ಕೆಲಸ ಮಾಡಿದವರು. ಸೊಪ್ಪು ಕೊಳ್ಳುವ ಕಂಪನಿಯೊಂದರಲ್ಲಿ ಗ್ರೇಡರ್. ಹರಾಜು ಕಟ್ಟೆಯಲ್ಲಿ ರೈತರ ಸೊಪ್ಪಿನ ಮೂಟೆಗಳನ್ನು, ಅಂದರೆ ಬೇಲುಗಳನ್ನು, ಉದ್ದಕ್ಕೆ ಸಾಲಾಗಿ ಜೋಡಿಸಿರುತ್ತಾರೆ. ಗ್ರೇಡರ್ ಆದವನು ನಡೆಯುತ್ತಲೇ ಒಂದು ಎಲೆ ಎಳೆದು, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಮೂಗಿಗೆ ಹಿಡಿದು, ಇದು ಇಂಥ ದರ್ಜೆ ಎಂದು ಹೇಳಿ ಮುಂದಿನ ಬೇಲ್‌ಗೆ ಹೋಗಬೇಕು. ಬೇರೆಯವರಿಗೆ ಐದಾರು ಸೆಕೆಂಡು ಬೇಕಾಗುತ್ತಿತ್ತು. ಇವರಿಗೆ ಎರಡು ಸಾಕು. ಹುಣಸೂರು, ಪಿರಿಯಾಪಟ್ಟಣದ ಕಡೆ ಇವರಿಗೆ 'ಎರಡು ಸೆಕೆಂಡ್ ಬೀರಯ್ಯ' ಎಂದೇ ಹೆಸರು. ಕೆಲವರು ಅದನ್ನು ಮೆಚ್ಚಿ ಹೇಳುತ್ತಿದ್ದರು, ಸೊಪ್ಪು ಬೆಳೆದವರು ಬೇರೆ ಥರ ಹೇಳುತ್ತಿದ್ದರು.

ಮನೆಯಲ್ಲೂ ಅವರದು ಅದೇ ವೇಗ. ಸೈಟು ಕೊಂಡದ್ದು ಹಾಗೆ, ಮಗಳಿಗೆ ಗಂಡು ನೋಡಿದ್ದು ಹಾಗೆ. ತಮ್ಮೂರು ಹಾರನಹಳ್ಳಿಯಿಂದ ಹೆಂಡತಿ ಭಾಗ್ಯಮ್ಮನನ್ನು ಹೆಣ್ಣು ನೋಡಲು ಹೋದಾಗಲಂತೂ ಕಾಫಿ ಲೋಟ ಕೈಗೆ ಬರುವ ಮೊದಲೇ "ಆಗ್ಲಿ" ಅಂದುಬಿಟ್ಟಿದ್ದರಂತೆ. ಭಾಗ್ಯಮ್ಮನವರು ಇದನ್ನು ಹೊಗಳಿಕೆ ಎಂದು ಯಾವತ್ತೂ ತಿಳಿದವರಲ್ಲ. "ನಾನಿನ್ನೂ ಬಾಗ್ಲಿಂದ ಈಚ್ಗೇ ಬಂದಿರಲಿಲ್ಲ ಕಣಣ್ಣ, ಅಷ್ಟರಲ್ಲೇ ಆಗೋಗಿತ್ತು" ಎಂದು ಒಮ್ಮೆ ನನ್ನ ಅಂಗಡಿಯಲ್ಲಿ ಪಡಿತರ ಚೀಟಿ ಜೆರಾಕ್ಸ್ ಮಾಡಿಸುತ್ತ ಹೇಳಿದ್ದರು.

ನನ್ನ ಹೆಸರು ಶಿವಣ್ಣ. ಹುಣಸೂರಿನಲ್ಲಿ ಎಚ್.ಡಿ. ಕೋಟೆ ರಸ್ತೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎದುರಿಗೆ ಜಾನ್ ಪಾಷಾ ಅವರ ಗ್ಯಾರೇಜು. ಅದರ ಮಗ್ಗುಲಲ್ಲಿ ಅವರ ಮಗಳು ಮೆಹನಾಜ್ ನಡೆಸುವ ಸ್ಪೇರ್ ಪಾರ್ಟ್ಸ್ ಅಂಗಡಿ. ನಾಲ್ಕು ಮನೆ ಆಚೆಗೆ ಸಣ್ಣಬೀರಯ್ಯನವರ ಮನೆ. ನಡೆದದ್ದನ್ನೆಲ್ಲ ನಾನು ಕೂತ ಕಡೆಯಿಂದಲೇ ನೋಡಿದ್ದೇನೆ. ಸ್ವಲ್ಪ ಪಾಲುದಾರನೂ ಆಗಿದ್ದೇನೆ, ಅದನ್ನು ಆಮೇಲೆ ಹೇಳುತ್ತೇನೆ.

ನಿವೃತ್ತರಾದ ವರ್ಷ ಸಣ್ಣಬೀರಯ್ಯನವರು ಒಂದು ಕಾರು ಕೊಂಡರು. ಅರವತ್ತೇಳನೇ ಇಸವಿಯ ಫಿಯಟ್, ಕೆನೆ ಬಣ್ಣ, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಅವರ ಕಂಪನಿಯ ಹಳೆಯ ಮ್ಯಾನೇಜರರು ಊರು ಬಿಡುವಾಗ ಷೆಡ್ಡಿನಲ್ಲೇ ಬಿಟ್ಟುಹೋಗಿದ್ದ ಗಾಡಿ. ಅದನ್ನು ಜಾನ್ ಪಾಷಾ ಎರಡು ತಿಂಗಳು ಮೈಮುರಿದು ಸರಿಮಾಡಿದರು. ಕೊನೆಯ ದಿನ ಕೈ ಒರೆಸಿಕೊಳ್ಳುತ್ತ, "ಟ್ವೆಂಟಿ ಫಿಫ್ಟಿ ಆಯಿಲ್ ಹಾಕಿ, ಓಡ್ಸಿ ಬೀರಣ್ಣ. ಇನ್ನೇನೂ ಇಲ್ಲ" ಅಂದರು.

"ಯಾಕೆ ಅದೇ ಹಾಕ್ಬೇಕು?" ಎಂದರು ಸಣ್ಣಬೀರಯ್ಯ.

"ಹಳೇ ಇಂಜಿನ್ ಅಲ್ವಾ, ಒಳಗೆ ಸಂದು ಜಾಸ್ತಿ. ತೆಳ್ಳಗಿರೋದು ನಿಲ್ಲಲ್ಲ. ಇದು ಮಂದ ಐತೆ, ನಿಲ್ತದೆ. ನಮ್ಮ ಅಬ್ಬಾನೂ ಇಂಥದಕ್ಕೆ ಮಂದ ಆಯಿಲ್ಲೇ ಹಾಕ್ತಿದ್ರು."

"ಅಬ್ಬಾ ಹಾಕ್ತಿದ್ರು ಅನ್ನೋದು ಕಾರಣ ಆಯ್ತದಾ ಪಾಷಾ?"

ಜೀವಮಾನವೆಲ್ಲ ಕಾರಣ ಕೇಳದೆ, ಕಾರಣ ಕೊಡದೆ ತೀರ್ಮಾನ ಮಾಡಿದ ಮನುಷ್ಯ ಅವತ್ತು ಮೊದಲ ಸಲ ಕಾರಣ ಕೇಳಿದ್ದರು.

ಮೊದಲು ಮಾಡಿದ ಕೆಲಸವೆಂದರೆ ಇಂಜಿನ್ನಿನಲ್ಲಿದ್ದ ಎಣ್ಣೆಯನ್ನೆಲ್ಲ ಬಸಿದು ಗಾಜಿನ ಜಾಡಿಗೆ ತುಂಬಿ ಇಟ್ಟುಕೊಂಡದ್ದು. ಪರೀಕ್ಷೆಗೆ ಬೇಕು ಅಂದರು. ಬರಿದಾದ ಕಾರನ್ನು ಮನೆಯ ಪಕ್ಕದ ಷೆಡ್ಡಿಗೆ ತಳ್ಳಿಸಿ, ಸ್ಟೇರಿಂಗಿಗೆ ಒಂದು ರಟ್ಟು ಕಟ್ಟಿದರು. "ಎಣ್ಣೆ ಇಲ್ಲ, ಸ್ಟಾರ್ಟ್ ಮಾಡಬಾರದು" ಎಂಬ ಆ ಬರಹವನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಟ್ಟವನು ನಾನೇ.

ಆಮೇಲೆ ಓದು ಶುರುವಾಯಿತು. ಬೆಳಿಗ್ಗೆ ಎದ್ದರೆ ಫೋನಿನಲ್ಲಿ ವಿಡಿಯೋ. ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಪ್ರಿಂಟು. ದಿನಕ್ಕೆ ಹತ್ತು ಹದಿನೈದು ಪುಟ. ಸತು ಎಷ್ಟಿರಬೇಕು, ರಂಜಕ ಎಷ್ಟಿರಬೇಕು, ಬಿಸಿಗೆ ಎಣ್ಣೆ ಎಷ್ಟು ನೀರಾಗುತ್ತದೆ ಎಂಬ ಪಟ್ಟಿಗಳು. ಫೈಲು ಮೊದಲು ಒಂದಿತ್ತು, ಶಿವರಾತ್ರಿ ಹೊತ್ತಿಗೆ ಮೂರಾಯಿತು. ಮೆಹನಾಜ್ ಅಂಗಡಿಯಿಂದಲೂ ಮೈಸೂರಿನಿಂದಲೂ ಹನ್ನೊಂದು ಬಗೆಯ ಎಣ್ಣೆಯನ್ನು ಪುಟ್ಟ ಪುಟ್ಟ ಸೀಸೆಗಳಲ್ಲಿ ತಂದು ಕಿಟಕಿಯ ದಂಡೆಯ ಮೇಲೆ ಸಾಲಾಗಿ ಜೋಡಿಸಿದರು. ಒಂದೊಂದನ್ನೇ ಬೆರಳ ನಡುವೆ ಉಜ್ಜಿ, ಮೂಗಿಗೆ ಹಿಡಿದು ನೋಡಿದರು. ಸೊಪ್ಪಿನ ವಿಷಯದಲ್ಲಿ ಊರಿಗೇ ಹೆದರಿಕೆ ಹುಟ್ಟಿಸಿದ್ದ ಆ ಬೆರಳುಗಳಿಗೆ ಹನ್ನೊಂದೂ ಎಣ್ಣೆಯ ಹಾಗೇ ಇದ್ದವು.

ಎಚ್.ಡಿ. ಕೋಟೆಯಲ್ಲಿ ಭಾಗ್ಯಮ್ಮನವರ ತಮ್ಮ ಮಾದೇಶ ಹಳೆಯ ಜೀಪು ಇಟ್ಟುಕೊಂಡಿದ್ದಾನೆ. ಅವನನ್ನು ಕೇಳಿದ್ದಕ್ಕೆ, "ಟ್ರ್ಯಾಕ್ಟರಿಗೆ ಹಾಕೋದು ಮನೇಲಿ ಮಿಕ್ಕಿರ್ತದಲ್ಲ ಭಾವ, ಅದನ್ನೇ ಸುರಿಯೋದು. ಜೀಪೇನು ಬಾಯಿ ಬುಟ್ಟು ಕೇಳ್ತದಾ?" ಅಂದ. ಸಣ್ಣಬೀರಯ್ಯನವರು ಅಲ್ಲಿಂದ ಊಟ ಮಾಡದೆ ಬಂದರು.

ಅವರಿಗೆ ಹಿಡಿಸಿದವರು ಸಾಲಿಗ್ರಾಮದ ಸೋಮಶೇಖರ್. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಇಂಜಿನ್ ಬಗ್ಗೆ ಅವರಿಗೆ ತಿಳಿಯದ್ದಿಲ್ಲ, ಸ್ವಂತಕ್ಕೆ ಮಾತ್ರ ಸೈಕಲ್ಲು. ಪ್ರತಿ ಗುರುವಾರ ಸಣ್ಣಬೀರಯ್ಯನವರು ಫೈಲು ಕಂಕುಳಲ್ಲಿ ಇಟ್ಟುಕೊಂಡು ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗುವರು. ಸಂಜೆವರೆಗೂ ಚರ್ಚೆ. ಸೋಮಶೇಖರ್ ಅವರ ವಿಶೇಷವೆಂದರೆ, ಯಾವ ಎಣ್ಣೆಯ ಹೆಸರು ಹೇಳಿದರೂ ಅದನ್ನು ಯಾಕೆ ಹಾಕಬಾರದು ಎಂದು ಚೆನ್ನಾಗಿ ವಿವರಿಸುತ್ತಿದ್ದರು. ಸಣ್ಣಬೀರಯ್ಯನವರು ಹೋಗುವಾಗ ಇದ್ದಷ್ಟೇ ಅನುಮಾನದಲ್ಲಿ, ಆದರೆ ಇನ್ನಷ್ಟು ತೃಪ್ತಿಯಿಂದ, ಕೊನೇ ಬಸ್ಸಿಗೆ ಮರಳುತ್ತಿದ್ದರು.

ಇನ್ನು ಗುರುವಾರದ ಇನ್ನೊಂದು ಕಥೆ.

ಜಾನ್ ಪಾಷಾ ಅವರ ಹೆಂಡತಿ ಆಮಿನಾಬಿ ಅವರಿಗೆ ಆಗಷ್ಟೇ ಮಂಡಿಯ ಆಪರೇಷನ್ ಆಗಿತ್ತು. ವಾರಕ್ಕೊಮ್ಮೆ ಮೈಸೂರಿಗೆ ಕರೆದುಕೊಂಡು ಹೋಗಿ ಕಾಲು ಬಗ್ಗಿಸುವ ವ್ಯಾಯಾಮ ಮಾಡಿಸಬೇಕು. ಬಸ್ಸಿನ ಮೆಟ್ಟಿಲು ಹತ್ತಲು ಆಗದು. ಗ್ಯಾರೇಜಿನಲ್ಲಿ ಯಾವಾಗ ನೋಡಿದರೂ ಏಳೆಂಟು ಕಾರು ನಿಂತಿರುತ್ತಿದ್ದವು, ಒಂದೂ ಅವರದಲ್ಲ, ಅದರಲ್ಲಿ ಅರ್ಧ ಓಡುವಂಥದೂ ಅಲ್ಲ. ಮೆಹನಾಜ್ ತನ್ನ ಪಿಕಪ್ಪಿನಲ್ಲಿ ಕೂರಿಸಿಕೊಂಡು ಒಮ್ಮೆ ಹೋದಳು. ಅಷ್ಟು ಎತ್ತರಕ್ಕೆ ಹತ್ತಿಸಿ ಇಳಿಸುವಷ್ಟರಲ್ಲಿ ಆಮಿನಾಬಿ ನೋವಿಗೆ ಅತ್ತೇಬಿಟ್ಟರಂತೆ. ಅದನ್ನು ನೋಡುತ್ತ ನಿಂತಿದ್ದ ಭಾಗ್ಯಮ್ಮ, "ನಮ್ಮ ಕಾರು ತಗ್ಗಲ್ಲಿ ಐತಲ್ಲವ್ವ" ಅಂದರು.

"ಅದರಲ್ಲಿ ಆಯಿಲ್ ಇಲ್ವಲ್ಲ ಭಾಗ್ಯಕ್ಕ" ಎಂದಳು ಮೆಹನಾಜ್.

"ನಿನ್ನ ಅಂಗ್ಡಿ ತುಂಬ ಅದೇ ತಾನೆ ಇರೋದು? ಒಂದು ಕ್ಯಾನು ಕೊಡು."

ಮೆಹನಾಜ್ ಕೈಗೆ ಸಿಕ್ಕ ಟ್ವೆಂಟಿ ಫಿಫ್ಟಿ ಕೊಟ್ಟಳು. ಜಾನ್ ಪಾಷಾ ಸುರಿದರು. ಕಾರು ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಮೊದಲೆರಡು ವಾರ ಮೆಹನಾಜಳೇ ಓಡಿಸಿದಳು, ಭಾಗ್ಯಮ್ಮ ಪಕ್ಕದಲ್ಲಿ ಕೂತರು. ಆಮೇಲೆ ಸೀಟು ಬದಲಾಯಿತು. ಐವತ್ತಾರು ವರ್ಷದ ಭಾಗ್ಯಮ್ಮ ಕಲಿಯುವವರ ಲೈಸೆನ್ಸ್ ಮಾಡಿಸಿದರು, ಗಂಡ ವಿಡಿಯೋ ನೋಡುತ್ತ ಕೂತ ಬೆಳಗುಗಳಲ್ಲಿ ಮೆಹನಾಜಳ ಪಿಕಪ್ಪಿನಲ್ಲಿ ಎಂಟು ಹಾಕುವುದನ್ನು ಕಲಿತರು, ಆರ್‌ಟಿಒ ಪರೀಕ್ಷೆಯಲ್ಲಿ ಪಾಸಾದರು. ಮಾರ್ಚ್ ಮುಗಿಯುವುದರೊಳಗೆ ಪ್ರತಿ ಗುರುವಾರ ಸಾಲಿಗ್ರಾಮದ ಕಡೆ ಹೋಗುವ ಬಸ್ಸು ಹೊರಟ ಅರ್ಧ ಗಂಟೆಗೆ ಕೆನೆ ಬಣ್ಣದ ಫಿಯಟ್ಟು ಮೈಸೂರಿನ ಕಡೆ ಹೊರಡುತ್ತಿತ್ತು. ಮಧ್ಯಾಹ್ನ ಬಂದು ಮೈ ತೊಳೆಸಿಕೊಂಡು ಷೆಡ್ಡಿಗೆ ಹೋಗುತ್ತಿತ್ತು. ರಟ್ಟು ಮತ್ತೆ ಸ್ಟೇರಿಂಗಿಗೆ ಬೀಳುತ್ತಿತ್ತು.

ಬೀದಿಗೆಲ್ಲ ಗೊತ್ತಿತ್ತು. ಯಾರೂ ಮುಚ್ಚಿಡಲಿಲ್ಲ, ಯಾರೂ ಹೇಳಲೂ ಇಲ್ಲ. ಹೆಂಡತಿ ಕಾರು ಓಡಿಸುವುದು ಗಂಡನಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ಒಬ್ಬೊಬ್ಬರೂ ಅಂದುಕೊಂಡಿದ್ದರು. ಸಣ್ಣಬೀರಯ್ಯನವರು ದಿನಾ ಬೆಳಿಗ್ಗೆ ಷೆಡ್ಡಿಗೆ ಹೋಗಿ ಹಳದಿ ಬಟ್ಟೆಯಿಂದ ಕಾರು ಒರೆಸುತ್ತಿದ್ದರು. "ನೋಡು ಶಿವಣ್ಣ, ತಿಂಗಳುಗಟ್ಲೆ ನಿಂತದೆ, ಒಂದು ಜೇಡರ ಬಲೆ ಕಟ್ಟಿಲ್ಲ. ಆ ಕಾಲದ ತಗಡು ಅಂದ್ರೆ ಅಂಗೆ" ಎಂದು ನನಗೇ ಹೇಳಿದ್ದರು. ನಾನು ಹೌದೆಂದೆ. ಒಮ್ಮೆ ಜಾನ್ ಪಾಷಾ ಅವರೂ, "ಗಾಡಿ ಚೆನ್ನಾಗ್ ಓಡ್ತಾ ಐತೆ ಬೀರಣ್ಣ, ಯೋಚ್ನೆ ಬ್ಯಾಡ" ಎಂದು ಎದುರಿಗೇ ಹೇಳಿಬಿಟ್ಟರು. ಸಣ್ಣಬೀರಯ್ಯನವರು, "ಓಡ್ತದೆ, ಓಡ್ತದೆ. ಮೊದ್ಲು ಎಣ್ಣೆ ತೀರ್ಮಾನ ಆಗ್ಲಿ" ಅಂದರು.

ಏಪ್ರಿಲ್ ಕೊನೆಗೆ ತೀರ್ಮಾನವಾಯಿತು. ಹಿಮ ಬೀಳುವ ಯಾವುದೋ ದೇಶದಲ್ಲಿ ಒಬ್ಬ ಮನುಷ್ಯ ಬೆಳಗಿನ ಚಳಿಯಲ್ಲಿ ಮಂಜು ಕೆರೆದು ಕಾರಿನ ಬಾಗಿಲು ತೆಗೆದು ಒಂದೇ ಸಲಕ್ಕೆ ಸ್ಟಾರ್ಟ್ ಮಾಡುವ ವಿಡಿಯೋ ಅವರನ್ನು ಒಲಿಸಿತ್ತು. ಪೂರ್ತಿ ಸಿಂಥೆಟಿಕ್, ನೀರಿನಷ್ಟು ತೆಳು, ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಗಿನ ಚಳಿಯಲ್ಲೂ ಗಟ್ಟಿಯಾಗದ ಎಣ್ಣೆ. ಅವತ್ತು ಹುಣಸೂರಿನಲ್ಲಿ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

ಕ್ಯಾನು ಬಂದ ಶುಕ್ರವಾರ ಸಣ್ಣಬೀರಯ್ಯನವರು ಸ್ನಾನ ಮಾಡಿ, ಕಾರಿಗೆ ಕುಂಕುಮ ಇಟ್ಟು, ಕಾಯಿ ಒಡೆದರು. ನಾವು ನಾಲ್ಕೈದು ಜನ ಸುತ್ತ ನಿಂತಿದ್ದೆವು. ಜಾನ್ ಪಾಷಾ ಅವರೂ ಇದ್ದರು, ನೆಲ ನೋಡುತ್ತಿದ್ದರು. ಎಣ್ಣೆ ಸುರಿಯುವ ಮೊದಲು ಒಳಗೆ ಪೂರ್ತಿ ಒಣಗಿದೆಯೇ ಎಂದು ನೋಡಲು ಅಳತೆ ಕಡ್ಡಿ ಎಳೆದರು. ಕಡ್ಡಿಯ ತುದಿ ಎಣ್ಣೆಯಲ್ಲಿ ಅದ್ದಿಕೊಂಡು ಬಂತು. ಬೆರಳಿಗೆ ಒರೆಸಿ ಉಜ್ಜಿದರು.

"ಇದು ಓಡಿರೋ ಎಣ್ಣೆ" ಅಂದರು. ಅದನ್ನು ಹೇಳಲು ಎರಡು ಸೆಕೆಂಡೂ ಹಿಡಿಯಲಿಲ್ಲ.

ಭಾಗ್ಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು.

"ನಾನೇ ಹಾಕ್ಸಿದ್ದು ಕಣ್ರೀ. ಶಿವರಾತ್ರಿ ಆದ ವಾರದಿಂದ ಓಡ್ತಾ ಐತೆ."

"ಯಾರು ಓಡ್ಸಿದ್ದು?"

"ಮೊದ್ಲು ಮೆಹನಾಜು. ಈಗ ನಾನೇ."

"ನಿಂಗೆಲ್ಲಿ ಓಡ್ಸಕೆ ಬತ್ತದೆ?"

"ಲೈಸೆನ್ಸ್ ಐತೆ. ಅರ್ಜಿ ಎಲ್ಲ ಶಿವಣ್ಣನೇ ತುಂಬ್ಕೊಟ್ಟಿದ್ದು."

ಸಣ್ಣಬೀರಯ್ಯನವರು ನನ್ನ ಕಡೆ ತಿರುಗಿದರು. ಅಂಗಡಿಯಲ್ಲಿ ಯಾರೋ ಕರೆದ ಹಾಗಾಯಿತು, ನಾನು ಹೊರಟುಬಂದೆ.

ಆಮೇಲೆ ಅವರು ಕೂಗಾಡಲಿಲ್ಲ. ಅದೇ ಕೆಟ್ಟದ್ದಾಯಿತು. ಜಾನ್ ಪಾಷಾ ಕೈಮುಗಿದು, "ಬ್ಯಾಡ ಬೀರಣ್ಣ, ಇದು ಹೊಸ ಇಂಜಿನ್ನಿಗೆ ಮಾಡಿರೋದು, ಎಲ್ಲಾ ಸೋರೋಯ್ತದೆ" ಅಂದರೂ ಕೇಳದೆ, ಚೆನ್ನಾಗಿದ್ದ ಎಣ್ಣೆಯನ್ನು ತಾವೇ ಬಸಿದು ಬಚ್ಚಲಿಗೆ ಚೆಲ್ಲಿ, ಹಿಮದೇಶದ ಎಣ್ಣೆ ತುಂಬಿದರು. ಬೀಗದ ಕೈ ಜೇಬಿಗೆ ಹಾಕಿಕೊಂಡರು. ಒಂದು ವಾರ ಪಿರಿಯಾಪಟ್ಟಣ, ಕೋಟೆ, ಎಲ್ಲ ಕಡೆ ಒಬ್ಬರೇ ಓಡಾಡಿದರು. ಬೆಳಿಗ್ಗೆ ನೋಡಿದರೆ ಷೆಡ್ಡಿನ ನೆಲದಲ್ಲಿ ಮುದ್ದೆ ತಟ್ಟೆಯಗಲ ಎಣ್ಣೆ ಬಿದ್ದಿರುತ್ತಿತ್ತು. "ಹೊಸ ಎಣ್ಣೆ ಒಳಗೆ ಜಾಗ ಮಾಡ್ಕೊಳ್ಳೋವರ್ಗೂ ಅಂಗೇ" ಎಂದು ಹೇಳಿ ಕ್ಯಾನಿನಿಂದ ಮತ್ತಷ್ಟು ಸುರಿಯುತ್ತಿದ್ದರು. ಆ ಗುರುವಾರ ಆಮಿನಾಬಿ ವ್ಯಾಯಾಮಕ್ಕೆ ಹೋಗಲಿಲ್ಲ.

ಮಾರನೆಯ ದಿನ ಸೋಮಶೇಖರ್ ಅವರಿಗೆ ಕಾರು ತೋರಿಸಲೆಂದು ಸಾಲಿಗ್ರಾಮಕ್ಕೆ ಹೊರಟರು. ಭಾಗ್ಯಮ್ಮ ಕರೆಯದಿದ್ದರೂ ಬಂದು ಪಕ್ಕದಲ್ಲಿ ಕೂತರು. ದಾರಿಯಲ್ಲಿ ನಡೆದದ್ದನ್ನು ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ. ಎರಡೂ ಹೊಂದುತ್ತವೆ, ಅದೇ ಆಶ್ಚರ್ಯ.

ಕೆ.ಆರ್. ನಗರ ಇನ್ನೂ ಆರೇಳು ಮೈಲಿ ಇರುವಾಗ ಮೀಟರಿನ ಹತ್ತಿರ ಕೆಂಪು ದೀಪ ಹತ್ತಿತು. ಇಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಇಳಿದರೆ ಹತ್ತುವ ದೀಪ ಅದು.

"ದೀಪ ಬಂತು. ನಿಲ್ಸಿ" ಅಂದರು ಭಾಗ್ಯಮ್ಮ.

"ಹಳೇ ವೈರಿಂಗು. ಇಂಥ ಎಣ್ಣೆ ಇರುವಾಗ ದೀಪ ಯಾಕೆ ಬತ್ತದೆ?"

"ನಿಲ್ಸಿ ಅಂದೆ."

ಒಳಗಿನಿಂದ ಟಕ ಟಕ ಸದ್ದು ಕೇಳಿಸಿತು. ಸಣ್ಣಬೀರಯ್ಯನವರು ಎರಡನೇ ಫೈಲಿನಲ್ಲಿ ಇದರ ಬಗ್ಗೆ ಏನಿತ್ತು ಎಂದು ನೆನಪು ಮಾಡಿಕೊಳ್ಳುತ್ತಿದ್ದರಂತೆ. ಭಾಗ್ಯಮ್ಮ ಕೈಚಾಚಿ ಬೀಗದ ಕೈ ಹಿಂದಕ್ಕೆ ತಿರುಗಿಸಿಬಿಟ್ಟರು. ಇಂಜಿನ್ ನಿಂತಿತು. ಕಾರು ತಾನಾಗಿ ಉರುಳಿ ಒಂದು ಹೊಂಗೆ ಮರದ ಕೆಳಗೆ ನಿಂತುಕೊಂಡಿತು.

ಮೆಹನಾಜಳಿಗೆ ಫೋನ್ ಮಾಡಿದ್ದಾಯಿತು. ಅಪ್ಪ ಮಗಳು ಕೈಯಲ್ಲಿದ್ದ ಕೆಲಸ ಮುಗಿಸಿ ಪಿಕಪ್ಪಿನಲ್ಲಿ ಬರಲು ಒಂದೂವರೆ ಗಂಟೆ ಬೇಕು. ಇಬ್ಬರೂ ಮರದ ಬುಡದಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಸಣ್ಣಬೀರಯ್ಯನವರು ಕೇಳಿದರು:

"ಕಾರು ಕಲ್ತಿದ್ದು ಯಾಕೆ ಏಳ್ಲಿಲ್ಲ ನಂಗೆ?"

"ಏಳಿದ್ರೆ ಯಾವ ಡ್ರೈವಿಂಗ್ ಸ್ಕೂಲು ಒಳ್ಳೇದು ಅಂತ ನಾಕು ತಿಂಗ್ಳು ಓದ್ತಿದ್ರಿ."

ಅವರಿಗೆ ನಗು ಬಂತೋ ಏನೋ, ತಡೆದುಕೊಂಡರು.

"ಸರಿ, ಅಷ್ಟೊಂದು ಎಣ್ಣೇಲಿ ಅದೇ ಎಣ್ಣೆ ಎಂಗೆ ಆರಿಸ್ದೆ?"

"ಆರ್ಸೋದೇನು ಬಂತು? ಅಂಗ್ಡೀಲಿ ಮುಂದ್ಗಡೆ ಇತ್ತು."

ಆಮೇಲೆ ಸಣ್ಣಬೀರಯ್ಯನವರು ತಾವಾಗಿಯೇ ಹೇಳತೊಡಗಿದರಂತೆ. "ಒಂದು ಮಾತು ಏಳ್ತೀನಿ ಕಣಮ್ಮಿ. ಕಟ್ಟೇಲಿ ಎಲೆ ಉಜ್ಜಿ ನೋಡ್ತಿದ್ನಲ್ಲ, ಎಷ್ಟೋ ಸಲ ಏನೂ ಗೊತ್ತಾಯ್ತಿರಲಿಲ್ಲ. ಮುಂದಿನ ಬೇಲ್‌ಗೆ ಓಗ್ಬೇಕಲ್ಲ ಅಂತ ಬಾಯಿಗೆ ಬಂದಿದ್ದು ಏಳ್ಬುಡ್ತಿದ್ದೆ. ಸೊಪ್ಪು ಇನ್ನೊಬ್ರುದು, ದುಡ್ಡು ಕಂಪ್ನೀದು. ನಂದೇನು ಓಯ್ತಿತ್ತು? ಈ ಕಾರು ನಂದು. ಅದ್ಕೇ ಬಾಯಿಗೆ ಬಂದಿದ್ದು ಏಳಕೆ ಆಗ್ಲಿಲ್ಲ."

ಭಾಗ್ಯಮ್ಮ ಚಿಕ್ಕಂದಿನಿಂದ ಮದುವೆಯಾಗುವವರೆಗೆ ಎಲೆ ಒಣಗಿಸುವ ಅಪ್ಪನ ಬ್ಯಾರನ್ನಿನಲ್ಲಿ ಕಡ್ಡಿಗೆ ಸೊಪ್ಪು ಕಟ್ಟಿದವರು. ಬೆರಳಿಗೆ ಅಂಟಿದ ಸೊಪ್ಪಿನ ಜಿಗುಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲವಂತೆ.

"ನಮ್ಮಪ್ಪನ ಬೇಲೂ ಅದ್ರಲ್ಲಿ ಇದ್ವು" ಅಂದರು.

ರಸ್ತೆಯ ಮೇಲೆ ಕಬ್ಬಿನ ಲಾರಿ ಹೋಯಿತು, ಕಾಲುವೆಯ ನೀರಿನಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಪಿಕಪ್ಪು ಬರುವವರೆಗೂ ಸಣ್ಣಬೀರಯ್ಯನವರು ತಮ್ಮ ಎರಡು ಬೆರಳುಗಳನ್ನೇ ನೋಡುತ್ತ ಕೂತಿದ್ದರೆಂದು ಭಾಗ್ಯಮ್ಮ ಹೇಳುತ್ತಾರೆ. ಈ ಒಂದು ವಿಷಯವನ್ನು ಅವರು ಮಾತ್ರ ಹೇಳುತ್ತಾರೆ.

ಗ್ಯಾರೇಜಿಗೆ ಎಳೆದು ತಂದು ಜಾನ್ ಪಾಷಾ ಇಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ಚೇಂಬರ್ ಬಿಚ್ಚಿದರು. ಐವತ್ತು ವರ್ಷ ಒಳಗೋಡೆಗೆ ಅಂಟಿಕೊಂಡು ಯಾರ ತಂಟೆಗೂ ಹೋಗದೆ ಇದ್ದ ಕರಿ ಜಿಡ್ಡನ್ನು ಆ ಉತ್ತಮ ಎಣ್ಣೆ ಒಂದು ವಾರದಲ್ಲಿ ಕಿತ್ತು ತೊಳೆದಿತ್ತು. ಕಿತ್ತದ್ದೆಲ್ಲ ಬಂದು ಎಣ್ಣೆ ಹೀರುವ ಜಾಲರಿಯ ಬಾಯಿ ಮುಚ್ಚಿತ್ತು. ಉಳಿದ ಎಣ್ಣೆ ಹುಣಸೂರಿನಿಂದ ಕೆ.ಆರ್. ನಗರದ ಕಡೆಗೆ ರಸ್ತೆಯುದ್ದಕ್ಕೂ ಚುಕ್ಕಿ ಇಟ್ಟಿತ್ತು.

"ಇನ್ನೊಂದು ಮೈಲಿ ಓಡಿದ್ರೆ ಬೇರಿಂಗ್ ಹೋಗ್ತಿತ್ತು ಬೀರಣ್ಣ. ಭಾಗ್ಯಕ್ಕ ಆಫ್ ಮಾಡಿದ್ದಕ್ಕೆ ಇಂಜಿನ್ ಉಳೀತು" ಎಂದರು ಜಾನ್ ಪಾಷಾ.

"ಹೂಂ" ಅಂದರು ಸಣ್ಣಬೀರಯ್ಯ. ಆಮೇಲೆ ಮೆಹನಾಜ್ ಅಂಗಡಿಗೆ ತಾವೇ ಹೋಗಿ, ಯಾವುದು ಎಂದು ಹೇಳದೆ, ಮುಂದೆ ಇಟ್ಟಿದ್ದ ಕ್ಯಾನಿನ ಕಡೆ ಬೆರಳು ತೋರಿಸಿದರು.

ಇಷ್ಟಾದ ಮೇಲೆ ಅವರು ಎಣ್ಣೆಯ ಸುದ್ದಿಯನ್ನೇ ಎತ್ತುವುದಿಲ್ಲ ಎಂದುಕೊಂಡಿದ್ದೆ. ಆದದ್ದು ಬೇರೆ. ಹಳೇ ಕಾರುಗಳವರ ವಾಟ್ಸಾಪ್ ಗುಂಪಿನಲ್ಲಿ ತಮಗಾದದ್ದನ್ನು ಒಂದೂ ಬಿಡದೆ ಬರೆದು ಹಾಕಿದರು, ಹೆಂಡತಿ ಬೀಗದ ಕೈ ತಿರುಗಿಸಿದ್ದೂ ಸೇರಿ. ಅಲ್ಲಿಯವರೆಗೆ ಆ ಗುಂಪಿನಲ್ಲಿ ಎಲ್ಲರೂ ತಮ್ಮ ಎಣ್ಣೆಯೇ ಸರಿ ಎನ್ನುತ್ತಿದ್ದರು. ತಪ್ಪು ಎಣ್ಣೆ ಹಾಕಿದೆ ಎಂದು ಒಪ್ಪಿಕೊಂಡವರು ಇವರೊಬ್ಬರೇ. ಹಾಗಾಗಿ ನಂಬಬಹುದಾದ ಮನುಷ್ಯ ಇವರೇ ಎಂದು ಎಲ್ಲರೂ ತೀರ್ಮಾನಿಸಿದರು. ಈಗ ಮೈಸೂರು, ಮಂಡ್ಯ, ಮಡಿಕೇರಿಯಿಂದ ಫೋನು ಬರುತ್ತದೆ. ಸೋಮಶೇಖರ್ ಕೂಡ ಒಬ್ಬ ಪರಿಚಯದವರನ್ನು ಕಳಿಸಿದ್ದರು. ಇವರು ಪ್ರತಿಯೊಬ್ಬರಿಗೂ ಅರ್ಧ ಗಂಟೆ ವಿವರಿಸಿ, ಕೊನೆಗೆ ನಿಮ್ಮೂರಿನ ಹಳೇ ಮೆಕ್ಯಾನಿಕ್ಕನ್ನು ಕೇಳಿ ಎನ್ನುತ್ತಾರೆ. ಅದಕ್ಕೆ ಜನ ಬಹಳ ಉಪಕಾರವಾಯಿತು ಎನ್ನುತ್ತಾರೆ.

ಹೋದ ಗುರುವಾರ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವಾಗ ಕಾರು ಬೀದಿಯಲ್ಲಿ ನಿಂತಿತ್ತು. ಭಾಗ್ಯಮ್ಮ ಸ್ಟೇರಿಂಗ್ ಹಿಂದೆ, ಪಕ್ಕದ ಸೀಟಿನಲ್ಲಿ ಕಾಲು ಚಾಚಿಕೊಂಡು ಆಮಿನಾಬಿ. ಸಣ್ಣಬೀರಯ್ಯನವರು ಗೇಟಿನ ಹತ್ತಿರ ಫೋನಿನಲ್ಲಿದ್ದರು. ಭಾಗ್ಯಮ್ಮ ಒಮ್ಮೆ ಹಾರ್ನ್ ಹೊಡೆದರು. ಇವರು ಒಂದು ನಿಮಿಷ ಎಂದು ಕೈಸನ್ನೆ ಮಾಡಿದರು. ಕಾರು ಮೆಲ್ಲಗೆ ಮುಂದಕ್ಕೆ ಸರಿಯಿತು.

"ಬತ್ತೀನಿ ಇರಮ್ಮಿ!" ಎಂದು ಕೂಗುತ್ತ, ಫೋನನ್ನು ಕಿವಿಯಿಂದ ತೆಗೆಯದೆಯೇ ಓಡಿಹೋಗಿ ಹಿಂದಿನ ಬಾಗಿಲು ತೆಗೆದು ಕೂತರು. ಆಮಿನಾಬಿ ಅವರ ಊರುಗೋಲು ಆ ಸೀಟಿನ ಮೇಲೆ ಅಡ್ಡ ಇತ್ತು, ಅದನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು.